ತಮಟೆ ಒಳಗೆ, ತಮಟೆಯವನು ಹೊರಗೆ

ನಾವು ಓದಿದ ವಿಶ್ವವಿದ್ಯಾನಿಲಯದಲ್ಲಿ ಒಂದು ಕಲಾ ಗ್ಯಾಲರಿ ಇದೆ. ಯಾವ ವಿಶ್ವವಿದ್ಯಾನಿಲಯ ಅಂತ ಹೇಳೋದಿಲ್ಲ. ಹೇಳಿದರೆ ಅದೊಂದರದೇ ತಪ್ಪು ಅಂತ ಉಳಿದವರು ನೆಮ್ಮದಿಯಾಗಿ ನಿದ್ದೆ ಹೋಗ್ತಾರೆ. ನಮ್ಮ ಹಾಸ್ಟೆಲ್ಲಿಗೂ ಆ ಗ್ಯಾಲರಿಗೂ ನಡುವೆ ಇರೋದು ಒಂದು ಆಟದ ಮೈದಾನ, ಒಂದು ಸಾಲು ಮರ. ಬೀಡಿ ಹಚ್ಚಿಕೊಂಡು ಹೊರಟರೆ ಅದು ಮುಗಿಯೋದರೊಳಗೆ ಬಾಗಿಲಲ್ಲಿರಬಹುದು. ಆದರೂ ಐದು ವರ್ಷ ಹಾಸ್ಟೆಲ್ ಅನ್ನ ತಿಂದ ನಾವು ಅದರೊಳಗೆ ಹೋದದ್ದು ಎರಡೇ ಸಲ. ಮೊದಲನೇ ಸಲ ಮಂತ್ರಿಗಳು ಬಂದಾಗ ಕುರ್ಚಿ ಹಾಕೋದಕ್ಕೆ. ಎರಡನೇ ಸಲ ನೋಡೋದಕ್ಕೆ. ಆ ಎರಡನೇ ಸಲದ ಕಥೆಯಿಂದ ಶುರು ಮಾಡ್ತೀವಿ.

ಏಳು ಜನ ಹೋಗಿದ್ದೆವು. ಒಳಗೆ ತಣ್ಣಗೆ, ಗ್ರಾನೈಟ್ ನೆಲ, ಚಪ್ಪಲಿಯ ಸಪ್ಪಳ ನಮಗೇ ನಾಚಿಕೆ ಬರೋ ಹಾಗೆ ಕೇಳಿಸ್ತಿತ್ತು. ಗೋಡೆ ಮೇಲೆ ಎಣ್ಣೆ ಬಣ್ಣದ ಚಿತ್ರಗಳು. ಪ್ರತಿ ಚಿತ್ರದ ಕೆಳಗೂ ಚೀಟಿ: ಬರೆದವರ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ, ಚಿತ್ರದ ಹೆಸರು, ಕೊಡುಗೆ ಕೊಟ್ಟ ಮಹನೀಯರ ಹೆಸರು. ಮೂಲೆಯ ಹಾಲಿಗೆ 'ಜಾನಪದ ವಿಭಾಗ' ಅಂತ ಬೋರ್ಡು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ತಮಟೆ. ಅದರ ಚೀಟಿ ಹೀಗಿತ್ತು: 'ತಮಟೆ. ಚರ್ಮವಾದ್ಯ. ಮರ ಮತ್ತು ಚರ್ಮ. ಕಲಾವಿದ: ಅಜ್ಞಾತ.'

ನಮ್ಮಲ್ಲೊಬ್ಬ ಗಾಜಿನ ಮೇಲೆ ಕೈಯಿಟ್ಟು 'ನಮ್ಮ ತಾತಂದು ಇದ್ದಂಗೇ ಐತೆ ಕಣ್ರೋ' ಅಂದ. ಅಷ್ಟರಲ್ಲಿ ಹಿಂದಿನಿಂದ ಕೂಗು ಬಂತು: 'ಏಯ್, ಮುಟ್ಬೇಡ!'

ಪಕ್ಕದಲ್ಲೇ ಬೋರ್ಡೂ ಇತ್ತು. 'ದಯವಿಟ್ಟು ಮುಟ್ಟಬೇಡಿ.'

ನಮಗೆ ಆ ಮಾತು ಹೊಸದಲ್ಲ ಗೆಳೆಯರೇ. ಬೋರ್ಡು ಬರೆಸದೆ, ದಯವಿಟ್ಟು ಅನ್ನದೆ, ಸಾವಿರಾರು ವರ್ಷ ನಮಗೆ ಅದನ್ನೇ ಹೇಳಿದ್ದಾರೆ. ಬಾವಿಯ ಹತ್ತಿರ ಹೇಳಿದರು, ಹೋಟೆಲಿನ ಲೋಟದ ಹತ್ತಿರ ಹೇಳಿದರು, ದೇವಸ್ಥಾನದ ಹೊಸ್ತಿಲಲ್ಲಿ ಹೇಳಿದರು. ಆದರೆ ಒಂದು ವಸ್ತುವನ್ನ ಮಾತ್ರ ಮುಟ್ಟಬೇಡ ಅಂತ ಯಾರೂ ಹೇಳಿರಲಿಲ್ಲ. ಅದು ತಮಟೆ. ಅದನ್ನ ಮುಟ್ಟೋದು ನಮ್ಮ ಕರ್ಮ, ಬೇರೆಯವರಿಗೆ ಮೈಲಿಗೆ. ಇವತ್ತು ವಿಶ್ವವಿದ್ಯಾನಿಲಯ ಅದನ್ನೂ ಗಾಜಿನೊಳಗಿಟ್ಟು ನಮಗೆ 'ಮುಟ್ಬೇಡ' ಅಂದಿದೆ!

ಕೂಗಿದ ಸೆಕ್ಯುರಿಟಿಯವನ ಮೇಲೆ ನಮಗೆ ಸಿಟ್ಟಿಲ್ಲ. ಅವನು ಗುತ್ತಿಗೆ ನೌಕರ. ಆಮೇಲೆ ಹತ್ತಿರ ಬಂದು 'ಬೇಜಾರ್ ಮಾಡ್ಕಬೇಡಿ ತಮ್ಮಾ, ಗಾಜಿನ ಮೇಲೆ ಬೆರಳ ಗುರ್ತು ಬಿದ್ರೆ ನನ್ನ ಬಯ್ತಾರೆ' ಅಂದ. ಯಾರ ಪೈಕಿ ಅಂತ ವಿಚಾರಿಸಿದ. ಗೊತ್ತಾದ ಮೇಲೆ ಸುಮ್ಮನಾದ. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ, 'ನಮ್ಮಾವನೂ ಬಾರಿಸ್ತಿದ್ದ' ಅಂದ. ನೋಡಿ, ಕಾಯೋದಕ್ಕೆ ನಮ್ಮವನು, ಕಾದು ಇಟ್ಟದ್ದು ನಮ್ಮದು, ಬೈಸಿಕೊಂಡವನು ನಮ್ಮವನು. ಚೀಟಿ ಬರೆದವನು ಮಾತ್ರ ಬೇರೆ.

ಆ ಚೀಟಿಯ ಬಗ್ಗೆಯೇ ಈ ಲೇಖನ.

ಅಜ್ಞಾತ ಅಂದರೆ ಏನು? ಗೊತ್ತಿಲ್ಲದವನು ಅಂತ. ಯಾರಿಗೆ ಗೊತ್ತಿಲ್ಲ? ಊರಿನ ಸಾಹುಕಾರನ ಸಾಲದ ಪುಸ್ತಕದಲ್ಲಿ ನಮ್ಮ ತಾತಂದಿರ ಹೆಸರು ಒಂದಕ್ಷರ ತಪ್ಪಿಲ್ಲದೆ ಇದೆ. ಹೆಸರಿನ ಮುಂದೆ ಹೆಬ್ಬೆಟ್ಟೂ ಇದೆ. ತೋಟಿ, ತಳವಾರಿಕೆ ಮಾಡಿದವರ ಹೆಸರು ಸರ್ಕಾರದ ಕಡತದಲ್ಲಿವೆ. 1961ರ ಕಾಯ್ದೆಯಲ್ಲಿ ಗ್ರಾಮದ ಹುದ್ದೆಗಳನ್ನ ರದ್ದು ಮಾಡಿದಾಗ ಆ ಇನಾಮಿನ ತುಂಡು ಜಮೀನಿಗಾಗಿ ನಮ್ಮವರು ಅದೇ ಹೆಸರು ಹಿಡಿದು ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿದರು. 1976ರಲ್ಲಿ ಜೀತ ರದ್ದಾದ ಮೇಲೆ ಜೀತದಾಳುಗಳ ಪಟ್ಟಿ ಮಾಡಿದಾಗಲೂ ಹೆಸರು ಸಿಕ್ಕಿತು. ಸಾಲಕ್ಕೆ ಹೆಸರುಂಟು, ಜೀತಕ್ಕೆ ಹೆಸರುಂಟು, ಪೊಲೀಸ್ ಠಾಣೆಯಲ್ಲಿ ಹೆಸರುಂಟು. ಕಲೆ ಅಂತ ಬಂದ ಕೂಡಲೆ ನಾವು ಅಜ್ಞಾತ!

ಇದು ಮರೆವಲ್ಲ. ಇದೊಂದು ಪದ್ಧತಿ. ಆ ತಮಟೆಯನ್ನ ಯಾರೋ ಒಬ್ಬರು ಒಂದು ದಿನ ಒಂದು ಊರಿಗೆ ಹೋಗಿ ತಂದಿದ್ದಾರೆ. ಯಾವುದೋ ಗುಡಿಸಲಿನ ಮುಂದೆ ನಿಂತು ಕೇಳಿದ್ದಾರೆ. ಯಾರೋ ಗೂಟದಿಂದ ಇಳಿಸಿ ಕೊಟ್ಟಿದ್ದಾರೆ. ಆಗ 'ನಿಮ್ಮ ಹೆಸರೇನಪ್ಪಾ?' ಅಂತ ಕೇಳಿದ್ದರೆ ಆತ ಹೇಳುತ್ತಿದ್ದ. ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ಇಟ್ಟ ಹೆಸರು ಅಜ್ಞಾತ.

ಇನ್ನು ಆ ಚೀಟಿಯಲ್ಲಿ 'ಮರ ಮತ್ತು ಚರ್ಮ' ಅಂತಿದೆಯಲ್ಲ, ಅದನ್ನೂ ಬಿಡಿಸಿ ನೋಡೋಣ. ಚರ್ಮ ತಾನಾಗೇ ಬಂದು ಮರಕ್ಕೆ ಅಂಟಿಕೊಳ್ಳಲಿಲ್ಲ. ಯಾರೋ ಸುಲಿದರು. ಯಾರೋ ನೆನೆಹಾಕಿದರು, ಕೂದಲು ಹೆರೆದರು, ನಾತ ಕುಡಿದರು. ಆ ನಾತಕ್ಕಾಗಿಯೇ ಅವರ ಕೇರಿಯನ್ನ ಊರಾಚೆ ಇಟ್ಟರು. ಬಳೆಗೆ ಬಿಗಿದು ಬಿಸಿಲಿಗೆ ಹಾಕಿದರು. ಬಾರಿಸೋ ಮುಂಚೆ ಹುಲ್ಲು ಹೊತ್ತಿಸಿ ಕಾಯಿಸಿದರು. ಕಾಯಿಸಿದರೇ ತಮಟೆಗೆ ದನಿ ಬರೋದು. ತಣ್ಣಗಾದ ತಮಟೆ ಬರೀ ಚರ್ಮ. ಗ್ಯಾಲರಿಯ ತಣ್ಣನೆ ಹಾಲಿನಲ್ಲಿ ಇರೋದು ತಮಟೆಯ ಹೆಣ. ಒಂದು ಗಿಡ್ಡ ಕೋಲು, ಒಂದು ಸಣ್ಣನೆ ಉದ್ದ ಕಡ್ಡಿ ಎರಡೂ ಸೇರಿ ಹೇಗೆ ಮಾತಾಡುತ್ತವೆ, ಸಾವಿಗೆ ಯಾವ ಪೆಟ್ಟು, ಜಾತ್ರೆಗೆ ಯಾವ ಪೆಟ್ಟು, ಊರಿಗೆ ಸುದ್ದಿ ಸಾರೋದಕ್ಕೆ ಯಾವ ಪೆಟ್ಟು, ಇದು ಯಾವುದೂ ಆ ಚೀಟಿಯಲ್ಲಿಲ್ಲ.

ಆ ರಾತ್ರಿ ಹಾಸ್ಟೆಲ್ಲಿನಲ್ಲಿ ನಮ್ಮೊಳಗೇ ಜಗಳ ಆಯ್ತು. ಅದನ್ನೂ ಮುಚ್ಚಿಡದೆ ಹೇಳ್ತೀವಿ.

ಗಾಜು ಮುಟ್ಟಿದ ಗೆಳೆಯನೇ ಎದ್ದು ನಿಂತ. 'ಯಾಕ್ರೋ ಬಡ್ಕೋತೀರಾ? ಅದು ಕಲೆ ಅಂತ ಯಾವನು ಅಂದೋನು? ನಮ್ಮಪ್ಪ ಅದನ್ನ ಬಿಡೋದಕ್ಕೆ ಏನು ಪಟ್ಟ ಗೊತ್ತಾ?' ಅಂದ. ಅವರೂರಲ್ಲಿ ಹಬ್ಬಕ್ಕೆ, ಹೆಣಕ್ಕೆ ತಮಟೆ ಬಾರಿಸೋದು ಅವರ ಮನೆ ಪಾಳಿ. ಕೂಲಿ ಅಂದರೆ ಒಂದಿಷ್ಟು ರಾಗಿ, ಉಳಿದ ಅನ್ನ. ಒಂದು ವರ್ಷ ಅವನಪ್ಪ ಬಾರಿಸೋಲ್ಲ ಅಂದರು. ತಮಟೆ ಎತ್ತಿ ಊರ ಮುಂದಿನ ಕಲ್ಲಿಗೆ ಬಡಿದು ಹರಿದು ಹಾಕಿದರು. ಆಮೇಲೆ ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ, ಹೊಲಕ್ಕೆ ಕೂಲಿಗೆ ಕರೀಲಿಲ್ಲ, ಹಾಲು ಹಾಕಿಸಿಕೊಳ್ಳಲಿಲ್ಲ. ಒಂದು ಮಳೆಗಾಲ ಪೂರ್ತಿ ಅವ್ವ ಪಕ್ಕದೂರಿಗೆ ನಡೆದು ಹೋಗಿ ಸಾಮಾನು ತಂದಳು. 'ಅಪ್ಪ ಹರಿದು ಬಿಸಾಕಿದ್ದನ್ನ ನೀವು ಹೊಲಿದು ಮೆರೆಸ್ತೀರಾ?' ಅಂತ ಕೇಳಿದ. ಯಾರಿಗೂ ಬಾಯಿ ಬರಲಿಲ್ಲ.

ಅವನ ಪ್ರಶ್ನೆ ಸುಳ್ಳಲ್ಲ. ನಮ್ಮ ಮೇಲೆ ಹೇರಿದ್ದನ್ನೇ ನಮ್ಮ ಹೆಮ್ಮೆ ಅಂತ ತಿರುಗಿಸಿ ನಮ್ಮ ಕೈಗೇ ಕೊಡೋರು ಬೇಕಾದಷ್ಟು ಜನ ಇದ್ದಾರೆ. ಸತ್ತ ದನ ಹೊರಿಸೋದು, ಗುಂಡಿ ತೋಡಿಸೋದು, ಬಿಟ್ಟಿ ದುಡಿಸೋದು 1989ರ ದೌರ್ಜನ್ಯ ತಡೆ ಕಾಯ್ದೆ ಮತ್ತು ಅದರ 2015ರ ತಿದ್ದುಪಡಿಯ ಪ್ರಕಾರ ಅಪರಾಧ. ಕಾನೂನು ಅಪರಾಧ ಅಂದದ್ದನ್ನ ಗ್ಯಾಲರಿ 'ಗ್ರಾಮೀಣ ಸೊಗಡು' ಅನ್ನುತ್ತದೆ. ಅದಕ್ಕೆ ಧಿಕ್ಕಾರ.

ಆದರೆ ತಮಟೆ ಹೇರಿದವನದಲ್ಲ, ಬಾರಿಸಿದವನದು. ಬಿಟ್ಟಿ ಅವನು ಹೇರಿದ್ದು. ಆ ಪೆಟ್ಟು, ಆ ಲಯ, ಆ ಕೈಚಳಕ ನಾವು ಕಟ್ಟಿದ್ದು. ಯಾವ ತಮಟೆ ಸಾಹುಕಾರನ ಹೆಣದ ಮುಂದೆ ಹೋಯ್ತೋ ಅದೇ ತಮಟೆ ನಮ್ಮ ಮೆರವಣಿಗೆಗಳ ಮುಂದೂ ಬಂತು. ಹಾಗಾಗಿ ನಮ್ಮ ತೀರ್ಮಾನ ಇದು: ಬಾರಿಸಿದವನ ಹೆಸರೂ ಬೇಕು, ಬಾರಿಸೋಲ್ಲ ಅಂದವನ ಹೆಸರೂ ಬೇಕು. ಎರಡೂ ಒಂದೇ ಚೀಟಿಯಲ್ಲಿ ಬರಬೇಕು. ಒಂದನ್ನ ಮಾತ್ರ ಬರೆದರೆ ಅದು ಅರ್ಧ ಸುಳ್ಳು.

ವಿಶ್ವವಿದ್ಯಾನಿಲಯಗಳು ಏನೂ ಮಾಡಿಲ್ಲ ಅಂತ ನಾವು ಹೇಳೋದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಜಯಲಕ್ಷ್ಮಿ ವಿಲಾಸ ಇದೆ. 1905ರ ಹೊತ್ತಿಗೆ ರಾಜಕುಮಾರಿಗೆ ಅಂತ ಕಟ್ಟಿದ ಅರಮನೆ. ಕುವೆಂಪು ಕುಲಪತಿಯಾಗಿದ್ದಾಗ, 1959ರಲ್ಲಿ, ಅದು ವಿಶ್ವವಿದ್ಯಾನಿಲಯದ ಕೈಗೆ ಬಂತು. 1968ರಲ್ಲಿ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಹುಟ್ಟಿತು. ಜೀ.ಶಂ. ಪರಮಶಿವಯ್ಯನವರು, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರು ಹಳ್ಳಿ ಹಳ್ಳಿ ತಿರುಗಿ ಬಡವರ ಮನೆಯ ಸಾಮಾನನ್ನ, ತೊಗಲುಗೊಂಬೆಯನ್ನ, ಕುಣಿತದ ಮುಖವಾಡವನ್ನ ತಂದು ಅರಮನೆಯೊಳಗೆ ಇಟ್ಟರು. ರಾಜನ ಚಿನ್ನದ ಕುರ್ಚಿ ನೋಡೋದೇ ಇತಿಹಾಸ ಅಂತಿದ್ದ ಊರಲ್ಲಿ ಇದು ಸಣ್ಣ ಕೆಲಸವಲ್ಲ. ಆಮೇಲೆ 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಬಂತು. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೇ ಒಂದು ವಿಶ್ವವಿದ್ಯಾಲಯ ಬಂತು. ವಸ್ತು ಒಳಗೆ ಬಂದದ್ದು ಮೊದಲನೇ ಹೆಜ್ಜೆ. ಆ ವಸ್ತುವಿನ ಜೊತೆಗೆ ಅದರ ಮನುಷ್ಯ ಒಳಗೆ ಬರೋದು ಎರಡನೇ ಹೆಜ್ಜೆ. ನಾಡಿನ ಎಲ್ಲ ಗ್ಯಾಲರಿಗಳನ್ನೂ ನಾವು ಕೇಳೋದು ಇಷ್ಟೇ: ಆ ಎರಡನೇ ಹೆಜ್ಜೆ ಯಾವಾಗ ಇಡ್ತೀರಿ?

ಗ್ಯಾಲರಿ ಅಂದರೆ ಮೂರು ಕೆಲಸ ಅಂತ ಅವರೇ ಹೇಳಿಕೊಳ್ಳುತ್ತಾರೆ. ಪ್ರದರ್ಶನ ಮಾಡೋದು, ಪುಸ್ತಕ ತರೋದು, ಜನರಿಗೆ ಕಲಿಸೋದು. ಒಂದೊಂದನ್ನೂ ಹಿಡಿದು ನೋಡೋಣ.

ಮೊದಲು ಪ್ರದರ್ಶನ. ಗೋಡೆ ಮೇಲೆ ಯಾರ ಬದುಕು ತೂಗುತ್ತೆ? ನಮ್ಮ ಸಂವಿಧಾನದ ಮೂಲ ಕೈಬರಹದ ಪ್ರತಿಯನ್ನೇ ತಗೊಳ್ಳಿ. ಕರಡು ಸಮಿತಿಯ ಅಧ್ಯಕ್ಷರು ಬಾಬಾಸಾಹೇಬರು. ಹಾಳೆಗಳಿಗೆ ಚಿತ್ರ ಬರೆದವರು ಶಾಂತಿನಿಕೇತನದ ಕಲಾಭವನದ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು. ಅಂದರೆ ವಿಶ್ವವಿದ್ಯಾಲಯದ ಕಲೆಗಾರರೇ. ಮೊಹೆಂಜೊದಾರೋದ ಗೂಳಿ ಇದೆ, ವೇದಕಾಲದ ಗುರುಕುಲ ಇದೆ, ಗೀತೋಪದೇಶ ಇದೆ. ಬುದ್ಧ ಇದ್ದಾನೆ, ಅಶೋಕ ಇದ್ದಾನೆ, ಟಿಪ್ಪು ಇದ್ದಾನೆ, ಗಾಂಧಿ ಇದ್ದಾರೆ. ಅಸ್ಪೃಶ್ಯತೆಯನ್ನ ರದ್ದು ಮಾಡಿದ 17ನೇ ವಿಧಿ ಇರೋದು ಮೂರನೇ ಭಾಗದಲ್ಲಿ. ಆ ಭಾಗದ ತಲೆ ಮೇಲಿನ ಚಿತ್ರ ರಾಮಾಯಣದ್ದು! 1927ರ ಮಾರ್ಚ್ 20ರಂದು ಮಹಾಡಿನ ಚೌಡಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದವರ ಚಿತ್ರ ಆ ಹಾಳೆಯ ತಲೆ ಮೇಲೆ ಬರಬೇಕಾಗಿತ್ತು. ಬರಲಿಲ್ಲ. ಅಕ್ಷರ ಬರೆದುಕೊಟ್ಟವನ ಜನಕ್ಕೆ ಅಂಚಿನಲ್ಲೂ ಜಾಗ ಸಿಗಲಿಲ್ಲ.

ಅದೇ ಕಲಾಭವನದಲ್ಲೇ ಬೇರೆ ದಾರಿಯೂ ಇತ್ತು. ಬಡ ಮನೆಯಿಂದ ಬಂದ ರಾಮಕಿಂಕರ್ ಬೈಜ್ 1938ರಲ್ಲಿ ಸಿಮೆಂಟು, ಜಂಬಿಟ್ಟಿಗೆ ಕಲ್ಲಿನ ಚೂರು ಕಲಸಿ 'ಸಂತಾಲ್ ಕುಟುಂಬ' ಮಾಡಿ ಬಯಲಲ್ಲಿ ನಿಲ್ಲಿಸಿದರು. ಗಂಡ, ಹೆಂಡತಿ, ಮಕ್ಕಳು, ನಾಯಿ, ತಲೆ ಮೇಲೆ ಹೊರೆ. ಗಾಜಿಲ್ಲ, ಟಿಕೆಟ್ಟಿಲ್ಲ, ಕೂಲಿಗೆ ಹೋಗೋ ಸಂತಾಲರೇ ಅದನ್ನ ದಾಟಿ ಹೋಗಬಹುದಿತ್ತು. ನಮ್ಮ ಕಾಲದಲ್ಲಿ ಸವಿ ಸಾವರ್ಕರ್ ಇದ್ದಾರೆ. ಬರೋಡಾದಲ್ಲಿ ಕಲಿತು ದೆಹಲಿಯ ಕಲಾ ಕಾಲೇಜಿನಲ್ಲಿ ಪಾಠ ಮಾಡಿದ ದಲಿತ ಕಲಾವಿದರು. ಪೇಶ್ವೆಗಳ ಕಾಲದಲ್ಲಿ ನಮ್ಮವರ ಕುತ್ತಿಗೆಗೆ ಕಟ್ಟಿಸಿದ ಮಡಕೆಯನ್ನ, ಸೊಂಟಕ್ಕೆ ಕಟ್ಟಿಸಿದ ಪೊರಕೆಯನ್ನ, ದೇವದಾಸಿಯರ ಮುಖಗಳನ್ನ ಕಣ್ಣು ತಪ್ಪಿಸೋದಕ್ಕೆ ಆಗದ ಹಾಗೆ ಬರೆದವರು. ನಿಮ್ಮ ಕ್ಯಾಂಪಸ್ಸಿನ ಗ್ಯಾಲರಿಯಲ್ಲಿ ಅವರ ಒಂದು ಚಿತ್ರದ ಪ್ರತಿಯಾದರೂ ಇದೆಯಾ, ಹೋಗಿ ನೋಡಿ. ನಾವು ಓದಿದ ಕಡೆ ಇಲ್ಲ.

ಗೋಡೆ ಕೊಡದೇ ಹೋದರೆ ನಮ್ಮ ಹುಡುಗರು ಬಯಲಲ್ಲೇ ಗೋಡೆ ಕಟ್ಟುತ್ತಾರೆ. 2016ರ ಜನವರಿಯಲ್ಲಿ ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ, ಹಾಸ್ಟೆಲ್ಲಿನಿಂದ ಹೊರಹಾಕಿಸಿಕೊಂಡ ಐದು ಜನ ದಲಿತ ಸಂಶೋಧನಾ ವಿದ್ಯಾರ್ಥಿಗಳು ಅಂಬೇಡ್ಕರ್, ಫುಲೆ ಮುಂತಾದವರ ಚಿತ್ರದ ಫ್ಲೆಕ್ಸುಗಳನ್ನೇ ಸುತ್ತ ಕಟ್ಟಿ ಅದರೊಳಗೆ ಮಲಗಿದರು. ಅದಕ್ಕೆ ವೆಲಿವಾಡ ಅಂತ ಹೆಸರಿಟ್ಟರು. ಊರಾಚೆಯ ಕೇರಿ ಅಂತ ಅರ್ಥ. ಆ ಐವರಲ್ಲಿ ಒಬ್ಬನಾದ ರೋಹಿತ್ ವೇಮುಲ ಜನವರಿ 17ರಂದು ಪ್ರಾಣ ಬಿಟ್ಟ. ವಿಶ್ವವಿದ್ಯಾಲಯ ಅನ್ನೋದರ ನಿಜವಾದ ಚಿತ್ರ ಪ್ರದರ್ಶನ ಯಾವುದು ಅಂತ ನಮ್ಮನ್ನ ಕೇಳಿದರೆ ಅದೇ ಅಂತೀವಿ. ಅದಕ್ಕೆ ಉದ್ಘಾಟನೆ ಇರಲಿಲ್ಲ, ದೀಪ ಹಚ್ಚೋರು ಇರಲಿಲ್ಲ.

ಎರಡನೆಯದು ಪುಸ್ತಕ. ನಮ್ಮ ಗ್ಯಾಲರಿಯವರು ಹೊಳೆಯೋ ಕಾಗದದಲ್ಲಿ ಇಂಗ್ಲಿಷಿನಲ್ಲಿ ಒಂದು ಕ್ಯಾಟಲಾಗು ತಂದಿದ್ದಾರೆ. ಅದರ ಬೆಲೆ ನಮ್ಮ ಎರಡು ವಾರದ ಖರ್ಚು. ಅದರಲ್ಲಿ ಕುಲಪತಿಗಳ ಫೋಟೋ ಇಡೀ ಪುಟ, ತಮಟೆ ಕಾಲು ಪುಟ, ಬಾರಿಸಿದವನು ಇಲ್ಲವೇ ಇಲ್ಲ. ಹೆಸರು ಹಾಕೋದು ಕಷ್ಟ ಅಂತಾರೆ. ಕಷ್ಟವಾ? ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮಲೆ ಮಾದೇಶ್ವರ ಮಹಾಕಾವ್ಯವನ್ನ ಅಚ್ಚು ಹಾಕಿತು. ಸಂಗ್ರಹಿಸಿದವರು ಕೆ. ಕೇಶವನ್ ಪ್ರಸಾದ್. ಹಾಡಿದವರು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು. 2001ರಲ್ಲಿ ಸಾಹಿತ್ಯ ಅಕಾಡೆಮಿ ಅದನ್ನ ಇಂಗ್ಲಿಷಿಗೆ ತಂದಾಗಲೂ ಹೆಬ್ಬಣಿ ಮಾದಯ್ಯನವರ ಹೆಸರನ್ನ ಪುಸ್ತಕದ ಹೆಸರಿನ ಜೊತೆಯಲ್ಲೇ ಹಾಕಿತು. ಕಂಸಾಳೆ ಹಿಡಿದು ಊರೂರು ತಿರುಗಿದ ಹಾಡುಗಾರನ ಹೆಸರು ಪುಸ್ತಕದ ರಕ್ಷಾಪುಟಕ್ಕೆ ಬರಬಹುದಾದರೆ, ತಮಟೆಯವನ ಹೆಸರು ಗಾಜಿನ ಪೆಟ್ಟಿಗೆಯ ಚೀಟಿಗೆ ಯಾಕೆ ಬರಬಾರದು? ಸಾಧ್ಯವಿಲ್ಲದ್ದು ಅಂತ ಏನೂ ಇಲ್ಲ. ಮನಸ್ಸಿಲ್ಲದ್ದು ಅಂತ ಇದೆ.

ನಮ್ಮವನೊಬ್ಬ ಪೆನ್ನು ಹಿಡಿದು ಕೂತರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ಕವಿ ಸಿದ್ಧಲಿಂಗಯ್ಯನವರು ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿದರು. ಬೇರೆಯವರು ಹೊರಗೆ ನಿಂತು ಮೂಢನಂಬಿಕೆ ಅಂತ ಮೂಗು ಮುರಿಯುತ್ತಿದ್ದ ಜಾಗದಲ್ಲಿ ಅವರು ಕೇರಿಯ ಮಗನಾಗಿ ಒಳಗೆ ನಿಂತು ನೋಡಿದರು. ವಸ್ತು ಅದೇ, ನೋಡೋ ಕಣ್ಣು ಬೇರೆ. ಆ ಕಣ್ಣು ಗ್ಯಾಲರಿಗೂ ಬೇಕು.

ಮೂರನೆಯದು ಜನರಿಗೆ ಕಲಿಸೋದು. ನಮ್ಮ ಗ್ಯಾಲರಿಯವರು ವರ್ಷಕ್ಕೊಂದು ಸಲ ಇಂಗ್ಲಿಷ್ ಮೀಡಿಯಂ ಶಾಲೆಯ ಮಕ್ಕಳನ್ನ ಬಸ್ಸಿನಲ್ಲಿ ಕರೆಸಿ ಚಿತ್ರ ಬರೆಯೋ ಸ್ಪರ್ಧೆ ಇಡುತ್ತಾರೆ. ಬಣ್ಣದ ಡಬ್ಬಿ ಮಕ್ಕಳೇ ತರಬೇಕು. ಮೈದಾನದ ಆಚೆ ಇರೋ ಹಾಸ್ಟೆಲ್ಲಿಗೆ ಒಂದು ನೋಟೀಸು ಸಹ ಬರೋದಿಲ್ಲ. ಬಾಗಿಲು ತೆಗೆಯೋದು ಹತ್ತೂವರೆಗೆ, ಹಾಕೋದು ಐದಕ್ಕೆ. ಅಷ್ಟೊತ್ತೂ ನಾವು ಕ್ಲಾಸಿನಲ್ಲಿ. ಸಂಜೆ, ಭಾನುವಾರ ಅದು ಬಂದ್. ಯಾರಿಗಾಗಿ ತೆಗೀತಾರೋ ಆ ಮಾದಪ್ಪನೇ ಬಲ್ಲ.

ಇದೇನು ನಮ್ಮ ಹೊಸ ಬೇಡಿಕೆಯಲ್ಲ. ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಲ್ಲೇ ಮೇಷ್ಟರುಗಳನ್ನ ಹಳ್ಳಿಗಳಿಗೆ ಕಳಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡಿಸಿತು. ಆ ಉಪನ್ಯಾಸಗಳನ್ನ ಸಣ್ಣ ಸಣ್ಣ ಪುಸ್ತಕ ಮಾಡಿ ಬಡವನ ಕೈಗೆ ಎಟುಕೋ ಹಾಗೆ ಕೊಟ್ಟಿತು. ಪ್ರಸಾರಾಂಗ ಅಂದರೆ ಅದೇ. ರಾಜರ ಕಾಲದಲ್ಲಿ, ಮಣ್ಣು ರಸ್ತೆಯ ಕಾಲದಲ್ಲಿ ಆದದ್ದು, ಪ್ರಜಾಪ್ರಭುತ್ವದ ಕಾಲದಲ್ಲಿ ಮೈದಾನ ದಾಟಿ ಬರೋದಕ್ಕೆ ಆಗೋದಿಲ್ಲವೇ?

ಜೋಧಪುರದ ಹತ್ತಿರ ಅರ್ನಾ ಝರ್ನಾ ಅಂತ ಒಂದು ಸಂಗ್ರಹಾಲಯ ಇದೆ. ಜಾನಪದ ವಿದ್ವಾಂಸ ಕೋಮಲ್ ಕೊಠಾರಿಯವರ ಕನಸು. ಅವರು ಮೊದಲು ಹಿಡಿದ ವಸ್ತು ಯಾವುದು ಗೊತ್ತಾ? ಪೊರಕೆ. ಯಾವ ಹುಲ್ಲು, ಯಾರು ಕಟ್ಟುತ್ತಾರೆ, ಯಾವ ಜಾತಿಗೆ ಯಾವ ಪೊರಕೆ, ಅದರಿಂದ ಹೊಟ್ಟೆ ಎಷ್ಟು ತುಂಬುತ್ತೆ, ಎಲ್ಲವನ್ನೂ ಕಟ್ಟುವವರ ಹತ್ತಿರವೇ ಕೇಳಿದರು. ಕೆನಡಾದ ವ್ಯಾಂಕೂವರಿನಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರ ಸಂಗ್ರಹಾಲಯ ಇದೆ. ಅದರ ದೊಡ್ಡ ಕಟ್ಟಡ 1976ರಲ್ಲಿ ಆದದ್ದು. ಅದು ನಿಂತಿರೋ ನೆಲ ಮಸ್ಕ್ವೀಮ್ ಎಂಬ ಮೂಲಜನರದು. ಆ ಸಂಗ್ರಹಾಲಯ ಮಸ್ಕ್ವೀಮ್ ಮತ್ತಿತರ ಮೂಲಜನರ ಸಂಘಟನೆಗಳ ಜೊತೆ ಕೂತು, ಯಾವ ವಸ್ತು ಎಲ್ಲಿದೆ, ಅದರ ಹೆಸರೇನು, ಕಥೆಯೇನು ಅಂತ ಅವರೇ ಬರೆಯೋ ವ್ಯವಸ್ಥೆ ಕಟ್ಟಿದೆ. ಅಲ್ಲಿ ಎಲ್ಲ ನ್ಯಾಯವಾಗಿ ಹೋಗಿದೆ ಅಂತ ನಾವು ಹೇಳೋದಿಲ್ಲ. ನೆಲ ಕಸಿದ ಕಥೆ ನಮಗೂ ಗೊತ್ತು. ಆದರೆ ಕೇಳಬೇಕು ಅನ್ನೋ ಬುದ್ಧಿ ಅವರಿಗೆ ಬಂತು. ನಮ್ಮ ವಿದ್ವಾಂಸರು ಅಂಥ ಕಡೆ ಸೆಮಿನಾರಿಗೆ ಹೋಗಿ ಬರುತ್ತಾರೆ, ಫೋಟೋ ತರುತ್ತಾರೆ. ಆ ಬುದ್ಧಿ ಮಾತ್ರ ವಿಮಾನ ಹತ್ತೋದಿಲ್ಲ.

'ಕಲೆಗೆ ಜಾತಿ ಇಲ್ಲ ಕಣಯ್ಯಾ' ಅಂತ ಒಬ್ಬ ಹಿರಿಯ ಮೇಷ್ಟರು ನಮಗೆ ಬುದ್ಧಿ ಹೇಳಿದರು. ಸ್ವಾಮಿ, ಕಲೆಗೆ ಜಾತಿ ಇಲ್ಲದಿದ್ದರೆ ವೀಣೆ ನುಡಿಸಿದವರಿಗೆ ಹೆಸರು, ಬಿರುದು, ವಂಶಾವಳಿ ಯಾಕೆ ಬಂತು? ತಮಟೆ ಬಾರಿಸಿದವನಿಗೆ ಅಜ್ಞಾತ ಅಂತ ಯಾಕೆ ಬಂತು? ಜಾತಿ ಇಲ್ಲದ ಕಡೆ ನಾವು ಜಾತಿ ತರುತ್ತಿಲ್ಲ. ನಿಮ್ಮ ಚೀಟಿಯಲ್ಲಿ ಮೊದಲಿಂದಲೂ ಇದ್ದ ಜಾತಿಯನ್ನ ಓದಿ ಹೇಳುತ್ತಿದ್ದೀವಿ, ಅಷ್ಟೇ.

ಹೆಸರಿಲ್ಲದವರು ಅಂದಿರಲ್ಲ, ಹೆಸರು ತಗೊಳ್ಳಿ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು. ತಮಟೆ ಬಾರಿಸಿದ್ದಕ್ಕೆ 2023ರಲ್ಲಿ ಪದ್ಮಶ್ರೀ ಬಂತು. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ. ತೊಗಲುಗೊಂಬೆ ಆಡಿಸಿದ್ದಕ್ಕೆ, ತೊಂಬತ್ತು ದಾಟಿದ ಮೇಲೆ, 2025ರಲ್ಲಿ ಪದ್ಮಶ್ರೀ ಬಂತು. ದೆಹಲಿಗೆ ಗೊತ್ತಾದ ಹೆಸರು ನಿಮ್ಮ ಗಾಜಿನ ಪೆಟ್ಟಿಗೆಗೆ ಗೊತ್ತಾಗಲಿಲ್ಲವೇ? ಹಾಗಂತ ಇಬ್ಬರಿಗೆ ಪದ್ಮಶ್ರೀ ಬಂದರೆ ನಮ್ಮ ಲೆಕ್ಕ ಚುಕ್ತಾ ಆಗೋದಿಲ್ಲ. ಪದ್ಮಶ್ರೀ ಬರದೆ ಸತ್ತವರ ಹೆಸರೂ ಬೇಕು.

ಹಾಸ್ಟೆಲ್ ಗೆಳೆಯರೇ, ಒಂದು ಹಳೇ ಮಾತು ನೆನಪು ಮಾಡ್ತೀವಿ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ನಾಡು ಹೊತ್ತಿ ಉರೀತು. ಅವರ ಮಂತ್ರಿ ಪದವಿ ಹೋಯ್ತು. ಹಾಸ್ಟೆಲ್ ಹುಡುಗರು ಏಟು ತಿಂದರು. ಆ ಏಟಿನಿಂದಲೇ ನಮ್ಮ ಚಳವಳಿ ಎದ್ದು ನಿಂತಿತು. ಅವರು ಕೇಳಿದ್ದು ಒಂದೇ ಪ್ರಶ್ನೆ: ಇದರಲ್ಲಿ ನಾವೆಲ್ಲಿದ್ದೀವಿ? ಪುಸ್ತಕಕ್ಕೆ ಅವತ್ತು ಕೇಳಿದ್ದನ್ನ ಗ್ಯಾಲರಿಗೆ ಇವತ್ತು ಕೇಳುತ್ತಿದ್ದೀವಿ. ಇದಕ್ಕೂ ಯಾರಾದರೂ ಸಿಟ್ಟಾಗಬಹುದು. ಆಗಲಿ.

ನಮ್ಮ ಬೇಡಿಕೆಗಳು ಇಷ್ಟು.

ಒಂದು: 'ಅಜ್ಞಾತ' ಅನ್ನೋ ಪದ ಎಲ್ಲ ಚೀಟಿಗಳಿಂದಲೂ ಹೋಗಬೇಕು. ಹೆಸರು, ಊರು ಸಿಕ್ಕರೆ ಬರೀಲಿ. ಸಿಗದೇ ಹೋದರೆ 'ತರುವಾಗ ನಾವು ಹೆಸರು ಕೇಳಲಿಲ್ಲ' ಅಂತ ಬರೀಲಿ. ಅದೇ ಸತ್ಯ.

ಎರಡು: ವಸ್ತುವಿನ ಜೊತೆ ಅದರ ಬಿಟ್ಟಿಯನ್ನೂ ಬರೀಲಿ. ಏನು ಕೂಲಿ ಕೊಡುತ್ತಿದ್ದರು, ಎಲ್ಲಿ ನಿಲ್ಲಿಸುತ್ತಿದ್ದರು, ಒಲ್ಲೆ ಅಂದವರಿಗೆ ಏನು ಮಾಡಿದರು, ಎಲ್ಲವನ್ನೂ.

ಮೂರು: ಕಲಾವಿದರನ್ನ ಕರೆಸಿದರೆ ಪ್ರೊಫೆಸರ ಉಪನ್ಯಾಸಕ್ಕೆ ಕೊಡುವಷ್ಟೇ ಸಂಭಾವನೆ ಕೊಡಲಿ. ಶಾಲು, ಹಣ್ಣಿನ ಬುಟ್ಟಿಯಲ್ಲಿ ಸಾಗಹಾಕೋದು ಬೇಡ.

ನಾಲ್ಕು: ಕ್ಯಾಟಲಾಗು ಕನ್ನಡದಲ್ಲಿ, ಒಂದು ಕಾಫಿಯ ಬೆಲೆಯಲ್ಲಿ ಬರಲಿ. ಸಂಜೆ ಹೊತ್ತು, ಭಾನುವಾರ ಬಾಗಿಲು ತೆಗೀಲಿ.

ಐದು: ಗ್ಯಾಲರಿಯ ಸಮಿತಿಯಲ್ಲಿ ಆ ವಸ್ತುಗಳನ್ನ ಮಾಡಿದ ಸಮುದಾಯಗಳವರು, ಹಾಸ್ಟೆಲ್ ವಿದ್ಯಾರ್ಥಿಗಳು ಕೂರಲಿ.

ಬೇಡಿಕೆ ಬರೆದು ಕೊಟ್ಟು ಸುಮ್ಮನೆ ಕೂತರೆ ಅದು ಕಡತದಲ್ಲಿ ಕೊಳೆಯುತ್ತೆ. ನಮ್ಮ ಕೆಲಸವೂ ಇದೆ. ಈ ರಜೆಗೆ ಊರಿಗೆ ಹೋದಾಗ ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡು ಹೋಗಿ. ತಾತನ ಹತ್ತಿರ, ಅಜ್ಜಿಯ ಹತ್ತಿರ ಕೂತು ಕೇಳಿ. ಯಾರು ಕಲಿಸಿದರು, ಚರ್ಮ ಯಾರು ಹದ ಮಾಡುತ್ತಿದ್ದರು, ಪದ ಯಾರು ಕಟ್ಟಿದರು, ಯಾಕೆ ಬಿಟ್ಟಿರಿ. ಹೇಳಿದ ಹಾಗೇ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಹೆಂಗಸರನ್ನ ಮರೀಬೇಡಿ. ಹದ ಮಾಡಿದ ಚರ್ಮಕ್ಕೆ ನೀರು ಹೊತ್ತವಳ ಹೆಸರನ್ನ ನಾವೂ ಇವತ್ತಿನವರೆಗೆ ಕೇಳಿಲ್ಲ. ನಮ್ಮ ಮನೆಯಲ್ಲೂ ಅಜ್ಞಾತರಿದ್ದಾರೆ.

ನಮ್ಮ ಗೆಳೆಯ ಮೊನ್ನೆ ಊರಿಗೆ ಹೋಗಿ ಅಪ್ಪನ ಮುಂದೆ ಕೂತು ಈ ವಿಷಯ ಎತ್ತಿದ. ಗ್ಯಾಲರಿಗೆ ಒಂದು ಚೀಟಿ ಬರೆದುಕೊಡ್ತೀವಿ, ನಿನ್ನ ಹೆಸರು ಹಾಕಲಾ ಅಂತ ಕೇಳಿದ. ಆತ ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ ಹೇಳಿದ್ದು ಒಂದೇ ಮಾತು: 'ಬಾರಿಸಿದ್ದು ಬರೀತೀರಂದ್ರೆ ಹರಿದಾಕಿದ್ದೂ ಬರೀರಪ್ಪ.'

ಬರೀತೀವಿ. ನೀವೂ ಬರೆದು ತನ್ನಿ.

ಜೈ ಭೀಮ್.